ಲೆಕ್ಕ ಬಿಟ್ಟೆದ್ದ ಹರಿಹರ

ಹಂಪಸಾಗರದಿಂದ ತುಂಗಭದ್ರೆಯ ಹರಿವನ್ನು ಅನುಸರಿಸಿದರೆ ಅದು ವಿರೂಪಾಕ್ಷನ ಬಾಗಿಲಿಗೇ ಒಯ್ಯುತ್ತದೆ; ನಡುವೆ 1953ರಲ್ಲಿ ನೀರು ನಿಂತ ಜಲಾಶಯವಿದೆ, ಅಷ್ಟೆ. ಆ ಸನ್ನಿಧಿಯಲ್ಲಿ ಕಾವ್ಯ ಬರೆದ ಹರಿಹರನು ಮೊದಲು ಹೊಯ್ಸಳರ ದ್ವಾರಸಮುದ್ರದಲ್ಲಿ ಕರಣಿಕನಾಗಿದ್ದನೆಂಬುದು ಪರಂಪರೆಯ ಮಾತು.

ಒಂದು ದಿನ ದೊರೆಗೆ ಲೆಕ್ಕ ಓದಿ ಹೇಳುತ್ತಿದ್ದವನು ಹಠಾತ್ತನೆ ಕಡತವನ್ನು ಅಂಗೈಗಳ ನಡುವೆ ಹೊಸಕಿದನಂತೆ. ಕೇಳಿದರೆ, ಹಂಪೆಯಲ್ಲಿ ದೇವರ ಮುಂದಣ ತೆರೆಗೆ ಉರಿ ತಗುಲಿತ್ತು, ನಂದಿಸಿದೆ ಎಂದನಂತೆ. ವಿಚಾರಿಸಲು ಅದು ದಿಟವಾಗಿತ್ತಂತೆ. ಇದನ್ನು ಶಾಸನದಂತೆ ಓದಬೇಕಾಗಿಲ್ಲ. ನಮಗೆ ಮುಖ್ಯವಾದುದು ಮುಂದಿನ ಭಾಗ: ಆತನು ಹೊಸಕಿದ ಲೆಕ್ಕವನ್ನು ಮತ್ತೆ ಬರೆಯಲು ಕೂಡಲಿಲ್ಲ, ಹಂಪೆಗೆ ಹೊರಟುಬಿಟ್ಟನು. ವರ್ಷದ ಲೆಕ್ಕ ಮುಗಿಯಲೆಂದು ಕಾದಿದ್ದರೆ? ಕರಣಿಕನ ಲೆಕ್ಕ ಎಂದಾದರೂ ಮುಗಿದುದುಂಟೇ!

ಆ ತ್ವರೆಯ ಗುರುತು ಛಂದಸ್ಸಿನಲ್ಲಿಯೂ ಇದೆ. ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ಬರೆಯಬಲ್ಲವನು ಶರಣರ ಚರಿತ್ರೆಗೆ ರಗಳೆಯನ್ನು ಹಿಡಿದನು. ರಗಳೆಗೆ ನಾಲ್ಕು ಸಾಲಿನ ಕಟ್ಟಿಲ್ಲ. ಭಾವವಿರುವಷ್ಟು ದೂರ ಅದು ಓಡುತ್ತದೆ. ಬಸವಣ್ಣನವರ ಕಾಲಕ್ಕೆ ಸಮೀಪದವನಾದ ಈ ಕವಿ ಅಂದು ತಡೆದಿದ್ದರೆ ‘ಬಸವರಾಜದೇವರ ರಗಳೆ’ ನಮಗೆಲ್ಲಿಯದು?

ಹತ್ತಿರದ ಕಾಲದ ದೃಷ್ಟಾಂತವೂ ಉಂಟು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಓಲೆಗರಿ ತಿನ್ನುವ ಗೆದ್ದಲು ಯಾರ ಅನುಕೂಲವನ್ನೂ ಕಾಯುವುದಿಲ್ಲ. 1925ರಲ್ಲಿ ಅವರು ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಮರುವರ್ಷವೇ ಅಲ್ಲಿಂದ ‘ಶಿವಾನುಭವ’ ಪತ್ರಿಕೆ ಹೊರಬಂದಿತು.