ಪುಟದ ಮೊದಲಕ್ಷರದ ಸಿಂಗಾರ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವಿಲ್ಲ. ರೋಮನ್ ಲಿಪಿಯಲ್ಲಿ ಅದುಂಟು. ಇಂಗ್ಲಿಷಿನ ಕೆಲವು ಹಳೆಯ ಪುಸ್ತಕಗಳಲ್ಲಿ ಅಧ್ಯಾಯದ ಮೊದಲಕ್ಷರವು ಹೂಬಳ್ಳಿಗಳ ನಡುವೆ ಅರಸನಂತೆ ಕುಳಿತಿರುವುದನ್ನು ನೀವು ಕಂಡಿರಬಹುದು. ಆ ಸಿಂಗಾರಕ್ಕೂ ಒಂದು ಚರಿತ್ರೆಯಿದೆ.

ಯೂರೋಪಿನಲ್ಲಿ ಗ್ರಂಥಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಲಿಪಿಕಾರನು ಮೊದಲಕ್ಷರದ ಜಾಗವನ್ನು ಬರಿದಾಗಿ ಬಿಡುವನು; ಚಿತ್ರಕಾರನು ಅದನ್ನು ಬಣ್ಣದಿಂದ ತುಂಬುವನು. ಅಚ್ಚುಮೊಳೆಗಳು ಬಂದ ಮೇಲೆ ಈ ಕೆಲಸವೂ ಅಚ್ಚಿಗೆ ಇಳಿಯಿತು. 1457ರಲ್ಲಿ ಜರ್ಮನಿಯ ಮೈಂಟ್ಸ್ ನಗರದಲ್ಲಿ ಫುಸ್ಟ್ ಮತ್ತು ಷೋಫರ್ ಎಂಬವರು ಎರಡು ಬಣ್ಣದ ಮೊದಲಕ್ಷರಗಳುಳ್ಳ ಕೀರ್ತನ ಗ್ರಂಥವನ್ನು ಮುದ್ರಿಸಿದರು. 1476ರಲ್ಲಿ ವೆನಿಸ್ಸಿನ ರಾಟ್‌ಡೋಲ್ಟನು ಮರದಚ್ಚಿನ ಅಲಂಕಾರವನ್ನು ಪುಟಕ್ಕೆ ತಂದನು.

19ನೆಯ ಶತಮಾನದ ಯಂತ್ರಗಳಿಂದ ಪುಸ್ತಕ ಅಗ್ಗವಾಯಿತು. ಆದರೆ ಪುಟ ಸೊರಗಿತು. ಮಸಿ ಮಾಸಲು, ಅಕ್ಷರ ಬಡಕಲು, ಕಾಗದವೋ ಬೇಗನೆ ಹಳದಿಗಟ್ಟುವಂಥದು. ಇದನ್ನು ಕಂಡು ಮರುಗಿದವನು ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್. 1888ರ ನವೆಂಬರಿನಲ್ಲಿ ಎಮರಿ ವಾಕರನು ಲಂಡನ್ನಿನಲ್ಲಿ ಉಪನ್ಯಾಸ ಮಾಡುತ್ತ, ಹಳೆಯ ಅಕ್ಷರಗಳನ್ನು ದೀಪದ ಬೆಳಕಿನಿಂದ ಪರದೆಯ ಮೇಲೆ ಹಿಗ್ಗಿಸಿ ತೋರಿಸಿದನು. ಮಾರಿಸನು ಅಂದೇ ಮನಸೋತನು.

ವೆನಿಸ್ಸಿನಲ್ಲಿ 1470ರಿಂದ ಮುದ್ರಣ ನಡೆಸಿದ ಜೆನ್ಸನ್ನನ ಅಕ್ಷರಗಳನ್ನು ಛಾಯಾಚಿತ್ರದಲ್ಲಿ ದೊಡ್ಡದು ಮಾಡಿಸಿ, ಅವುಗಳ ಮೇಲೆ ಮತ್ತೆ ಮತ್ತೆ ಕೈಯಾಡಿಸಿ, ಮಾರಿಸನು ತನ್ನದೇ ಅಕ್ಷರಮಾಲೆಯನ್ನು ಬರೆದನು. ಎಡ್ವರ್ಡ್ ಪ್ರಿನ್ಸನು ಅದನ್ನು ಉಕ್ಕಿನಲ್ಲಿ ಕೊರೆದನು. ಅದೇ ‘ಗೋಲ್ಡನ್’ ಅಕ್ಷರ. ರೇಖೆಯ ತುದಿಗೆ ಹಚ್ಚುವ ಪುಟ್ಟ ಪಾದಕ್ಕೆ ಸೆರಿಫ್ ಎಂದು ಹೆಸರು. ಗೋಲ್ಡನ್ ಅಕ್ಷರದಲ್ಲಿ ಆ ಪಾದ ದಪ್ಪ, ನಿಲುವು ಗಟ್ಟಿ. ಇದರ ಜೊತೆಗೆ ಮೊದಲಕ್ಷರಗಳೂ ಅಂಚುಗಳೂ ಸೇರಿ 600ಕ್ಕೂ ಹೆಚ್ಚು ಅಲಂಕಾರಗಳನ್ನು ಅವನು ರಚಿಸಿದನು. 1891ರಲ್ಲಿ ಅವನ ಕೆಲ್ಮ್‌ಸ್ಕಾಟ್ ಅಚ್ಚುಕೂಟದಿಂದ ಮೊದಲ ಪುಸ್ತಕ ಹೊರಬಂದಿತು.

‘ಅಲಂ’ ಎಂದರೆ ಸಾಕು, ಪರಿಪೂರ್ಣ. ಅಲಂಕಾರವೆಂದರೆ ಸಾಕೆನಿಸುವಂತೆ ಮಾಡುವುದು. ಈ ಪುಟಗಳಲ್ಲಿ ಬಳ್ಳಿ ಎಷ್ಟೇ ಹಬ್ಬಿದರೂ ಸಾಲಿನ ಒಳಗೆ ಕಾಲಿಡುವುದಿಲ್ಲ. ಮೊದಲಕ್ಷರ ಕಣ್ಣನ್ನು ಕರೆದು ಓದಿಗೆ ಒಪ್ಪಿಸಿ ಸುಮ್ಮನಾಗುತ್ತದೆ.

ಆದರೆ ಇಲ್ಲೊಂದು ತೊಡಕನ್ನು ಮರೆಮಾಡಲಾಗದು. ಮಾರಿಸನು ಸಮಾಜವಾದಿ, ಚೆಲುವು ಎಲ್ಲರಿಗೂ ಸಲ್ಲಬೇಕೆಂದವನು. 1896ರಲ್ಲಿ ಅವನು ಮುದ್ರಿಸಿದ ಚಾಸರ್ ಕವಿಯ ಕೃತಿಗಳಲ್ಲಿ 87 ಚಿತ್ರಗಳಿದ್ದವು. ಕಾಗದದ ಪ್ರತಿಗಳು 425, ಬೆಲೆ 20 ಪೌಂಡು. ಎಂದರೆ 400 ಷಿಲಿಂಗು! ಯಾವ ಕೂಲಿಕಾರ ಅದನ್ನು ಕೊಂಡಾನು? ಕೈಕಾಗದ, ಕೈಯಚ್ಚು, ಕುಶಲರಿಗೆ ತಕ್ಕ ಮಜೂರಿ ಇವೆಲ್ಲ ಸೇರಿದರೆ ಬೆಲೆ ಏರದೆ ಇರದು. ಅದೇ ವರ್ಷದ ಅಕ್ಟೋಬರಿನಲ್ಲಿ ಮಾರಿಸನು ತೀರಿಕೊಂಡನು. 1898ರಲ್ಲಿ ಅಚ್ಚುಕೂಟವೂ ಮುಚ್ಚಿತು.

ಅವನ ಶ್ರಮ ಸಿರಿವಂತರ ಕಪಾಟಿನಲ್ಲೇ ಉಳಿಯಿತೆ? ಇಲ್ಲ. 1906ರಲ್ಲಿ ಡೆಂಟ್ ಪ್ರಕಾಶಕರು ‘ಎವೆರಿಮನ್ಸ್ ಲೈಬ್ರರಿ’ ಮಾಲೆಯನ್ನು ತೊಡಗಿದಾಗ, ಅದರ ಮುಖಪುಟದೊಳಗೆ ಕೆಲ್ಮ್‌ಸ್ಕಾಟಿನ ಹಾದಿಯ ಹೂಬಳ್ಳಿಗಳೇ ಅರಳಿದವು. ಬೆಲೆ ಒಂದು ಷಿಲಿಂಗು. ಯಂತ್ರದಲ್ಲಿ ಅಚ್ಚಾದ ಅಗ್ಗದ ಪುಸ್ತಕವೂ ಅಂದವಾಗಿರಬಹುದೆಂಬ ತಿಳಿವು ಹೀಗೆ ಬಡವನ ಮನೆಗೂ ಬಂದಿತು. ಇನ್ನು ಮುಂದೆ ಪುಸ್ತಕವೊಂದನ್ನು ತೆರೆದಾಗ, ಓದಿಗೆ ತೊಡಗುವ ಮುನ್ನ ಅದರ ಮೊದಲಕ್ಷರವನ್ನು ಒಂದು ಗಳಿಗೆ ನೋಡಿ.