ಪೆಪ್ಟೈಡ್ ಚಿಕಿತ್ಸೆ (ಕ್ರೀಡಾವೈದ್ಯಕೀಯ)

ಅಮೈನೊ ಆಮ್ಲಗಳ ಕಿರುಸರಪಳಿಗಳಾದ ಪೆಪ್ಟೈಡ್‌ಗಳನ್ನು ಗಾಯ ಬೇಗ ಮಾಯಲೆಂದೋ ಆಟಗಾರರ ಸಾಮರ್ಥ್ಯ ಹೆಚ್ಚಲೆಂದೋ ಬಳಸುವ ಪದ್ಧತಿ. ಇವು ಬಹುಪಾಲು ಚುಚ್ಚುಮದ್ದುಗಳು. ನುಂಗಿದರೆ ಹೆಚ್ಚಿನವು ಜೀರ್ಣಾಂಗದಲ್ಲೇ ಒಡೆದುಹೋಗುತ್ತವೆ.

ಪೆಪ್ಟೈಡ್ ಔಷಧಗಳ ಚರಿತ್ರೆ 1921ರಲ್ಲಿ ಟೊರಾಂಟೊದಲ್ಲಿ ಬೇರ್ಪಡಿಸಿದ ಇನ್ಸುಲಿನ್‌ನಿಂದ ಶುರುವಾಗುತ್ತದೆ. 1963ರಲ್ಲಿ ಅಮೆರಿಕದ ಬ್ರೂಸ್ ಮೆರಿಫೀಲ್ಡ್ ಘನ ಆಧಾರದ ಮೇಲೆ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಪೋಣಿಸುವ ವಿಧಾನ ಪ್ರಕಟಿಸಿದ ಮೇಲೆ ಇವುಗಳ ತಯಾರಿಕೆ ಸುಲಭವಾಯಿತು. ಅದಕ್ಕಾಗಿ ಅವರಿಗೆ 1984ರ ನೊಬೆಲ್ ಸಂದಿತು.

ಕ್ರೀಡಾಲೋಕದಲ್ಲಿ ಮೊದಲು ಹೆಸರಾದದ್ದು 191 ಅಮೈನೊ ಆಮ್ಲಗಳ ಬೆಳವಣಿಗೆ ಹಾರ್ಮೋನು. ಮೃತರ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳುರೋಗವನ್ನು ಹರಡಿದ್ದು 1985ರಲ್ಲಿ ಬಯಲಾಯಿತು. ಅದೇ ವರ್ಷ ಜೀನ್ ತಂತ್ರಜ್ಞಾನದಿಂದ ತಯಾರಿಸಿದ ಹಾರ್ಮೋನು ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಒಲಿಂಪಿಕ್ ಸಮಿತಿ 1989ರಲ್ಲಿ ಇದನ್ನು ನಿಷೇಧಿಸಿತು. ಆರೋಗ್ಯವಂತರ ಮೇಲಿನ ಪ್ರಯೋಗಗಳ 2008ರ ಸಮೀಕ್ಷೆಯ ಪ್ರಕಾರ ದೇಹದ ಕೊಬ್ಬುರಹಿತ ತೂಕ ಸುಮಾರು 2 ಕಿಲೋ ಹೆಚ್ಚಿದರೂ ಬಲ ಹೆಚ್ಚಲಿಲ್ಲ. 2010ರ ಆಸ್ಟ್ರೇಲಿಯದ ಪ್ರಯೋಗದಲ್ಲಿ ಅಲ್ಪಾವಧಿಯ ವೇಗಸಾಮರ್ಥ್ಯ ಸುಮಾರು ಶೇ. 4ರಷ್ಟು ಏರಿತು, ಔಷಧ ನಿಲ್ಲಿಸಿದ ಆರು ವಾರಗಳಲ್ಲಿ ಆ ಲಾಭ ಉಳಿಯಲಿಲ್ಲ.

ಗಾಯ ಮಾಯಿಸುವುದೆಂದು ಇಂದು ಹೆಚ್ಚು ಪ್ರಚಾರದಲ್ಲಿರುವುದು 15 ಅಮೈನೊ ಆಮ್ಲಗಳ ಬಿಪಿಸಿ-157. ಕ್ರೊಯೇಶಿಯದ ಝಾಗ್ರೆಬ್‌ನಲ್ಲಿ ಪ್ರೆಡ್ರಾಗ್ ಸಿಕಿರಿಚ್ ತಂಡ 1990ರ ದಶಕದ ಮೊದಲಲ್ಲಿ ಇದನ್ನು ವರದಿ ಮಾಡಿತು. ಕತ್ತರಿಸಿದ ಹಿಮ್ಮಡಿಯ ಸ್ನಾಯುರಜ್ಜು ಇಲಿಗಳಲ್ಲಿ ಬೇಗ ಕೂಡಿಕೊಂಡಿತೆಂಬ ಫಲಿತಾಂಶಗಳು ಬಹುಪಾಲು ಇದೇ ತಂಡದವು. ಮನುಷ್ಯರಲ್ಲಿ ಆಗಿರುವುದು ಕೆಲವೇ ರೋಗಿಗಳ, ಹೋಲಿಕೆಯ ಗುಂಪಿಲ್ಲದ ಚಿಕ್ಕ ಅಧ್ಯಯನಗಳು. ತಾನಾಗಿ ಇಳಿಯುತ್ತಿದ್ದ ನೋವು ಎಷ್ಟು, ಔಷಧದ ಗುಣ ಎಷ್ಟು ಎಂದು ಅವುಗಳಿಂದ ಬೇರ್ಪಡಿಸಲಾಗದು.

43 ಅಮೈನೊ ಆಮ್ಲಗಳ ಥೈಮೊಸಿನ್ ಬೀಟಾ-4ರ ಕಥೆಯೂ ಹೆಚ್ಚುಕಡಿಮೆ ಇದೇ. ಆಸ್ಟ್ರೇಲಿಯದ ಎಸೆಂಡನ್ ಫುಟ್‌ಬಾಲ್ ಕ್ಲಬ್‌ನ 2012ರ ಋತುವಿನಲ್ಲಿ ಇದನ್ನು ಬಳಸಿದ ಪ್ರಕರಣದಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2016ರ ಜನವರಿಯಲ್ಲಿ 34 ಆಟಗಾರರಿಗೆ ಎರಡು ವರ್ಷಗಳ ನಿಷೇಧ ವಿಧಿಸಿತು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಲ್ಲಿ ಬಿಪಿಸಿ-157ನ್ನು ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿತು. ಅದು ಸೇರಿದ್ದು ಯಾವ ದೇಶದ ಔಷಧ ನಿಯಂತ್ರಕರೂ ಮಾನವ ಬಳಕೆಗೆ ಒಪ್ಪಿಗೆ ನೀಡದ ವಸ್ತುಗಳ ವರ್ಗಕ್ಕೆ. ಆದ್ದರಿಂದ ಈ ನಿಷೇಧವನ್ನು ಔಷಧ ಫಲ ಕೊಡುತ್ತದೆಂಬುದಕ್ಕೆ ಪುರಾವೆಯಾಗಿ ತೋರಿಸುವಂತಿಲ್ಲ.