ಮೊರಾರ್ಜಿ ದೇಸಾಯಿಯವರ ಪದತ್ಯಾಗಗಳು

1979ರ ಜುಲೈ 15ರಂದು ಮೊರಾರ್ಜಿ ದೇಸಾಯಿಯವರು ಪ್ರಧಾನಿಪದವನ್ನು ತ್ಯಜಿಸಿದರು. ಅವರ ಸರಕಾರದ ಮೇಲೆ ಅವಿಶ್ವಾಸದ ಗೊತ್ತುವಳಿಯನ್ನು ಮಂಡಿಸಿದವರು ಯಶವಂತರಾವ ಚವ್ಹಾಣರು; 1956ರ ನವೆಂಬರದಲ್ಲಿ ಮುಂಬಯಿ ರಾಜ್ಯದ ಮುಖ್ಯಮಂತ್ರಿಪದದಲ್ಲಿ ದೇಸಾಯಿಯವರ ಸ್ಥಾನಕ್ಕೆ ಬಂದವರೂ ಅವರೇ. ಇತಿಹಾಸಕ್ಕೆ ಇಂಥ ವಿನೋದ ಪ್ರಿಯವೆಂದು ತೋರುತ್ತದೆ.

ಆ ನವೆಂಬರದ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ದೇಸಾಯಿಯವರ ಆಡಳಿತದಲ್ಲಿದ್ದುವು. ಅವರ ದಕ್ಷತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ವರ್ಷ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮೇಲೆ ನಡೆದ ಗೋಳೀಬಾರಿನ ನೆನಪು ಕೋಟೆ ವಿಭಾಗದ ಹುತಾತ್ಮ ಚೌಕದಲ್ಲಿ ಕಲ್ಲಾಗಿ ನಿಂತಿದೆ.

ವಾಚಕರಲ್ಲಿ ಬ್ಯಾಂಕಿನವರು ಅನೇಕರಿರುವುದರಿಂದ 1969ರ ಪ್ರಸಂಗವನ್ನು ತುಸು ವಿಸ್ತರಿಸುತ್ತೇನೆ. ಅರ್ಥಸಚಿವರಾಗಿದ್ದ ದೇಸಾಯಿಯವರು ಬ್ಯಾಂಕುಗಳ ಮೇಲೆ ‘ಸಾಮಾಜಿಕ ನಿಯಂತ್ರಣ’ ಸಾಕೆಂದು ವಾದಿಸಿದರು: ಒಡೆತನ ಖಾಸಗಿಯವರಲ್ಲಿಯೇ ಉಳಿಯಲಿ, ಸಾಲ ಮಾತ್ರ ಕೃಷಿಗೂ ಸಣ್ಣ ಉದ್ಯಮಗಳಿಗೂ ಹರಿಯಲಿ. ಈ ಕಾಯಿದೆ ಫೆಬ್ರುವರಿಯಲ್ಲಿ ಜಾರಿಗೆ ಬಂದಿತು. ಅದಕ್ಕೆ ಆರು ತಿಂಗಳ ಆಯುಷ್ಯವೂ ದೊರೆಯಲಿಲ್ಲ. ಜುಲೈ 16ರಂದು ಇಂದಿರಾ ಗಾಂಧಿಯವರು ಅರ್ಥಖಾತೆಯನ್ನು ತೆಗೆದುಕೊಂಡರು. ದೇಸಾಯಿಯವರು ಉಪಪ್ರಧಾನಿಪದವನ್ನೂ ಬಿಟ್ಟರು. 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದುವು. ಅವುಗಳಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಇದ್ದುವು. 1928ರಿಂದಲೇ ಪಿಗ್ಮಿ ಠೇವಣಿಯ ಮೂಲಕ ಮನೆಮನೆಯ ಬಿಡಿಕಾಸನ್ನು ಕೂಡಿಸುತ್ತ ಬಂದ ಸಿಂಡಿಕೇಟ್ ಬ್ಯಾಂಕಿಗೆ ಯಾವ ಸರಕಾರವೂ ಹಾಗೆ ಮಾಡೆಂದು ಅಪ್ಪಣೆ ಕೊಟ್ಟಿರಲಿಲ್ಲ. ಈ ಮಟ್ಟಿಗೆ ದೇಸಾಯಿಯವರ ವಾದದಲ್ಲಿ ಹುರುಳಿತ್ತು. ಆದರೆ ಉದ್ಯಮಪತಿಗಳ ಹಿಡಿತದಲ್ಲಿದ್ದ ದೊಡ್ಡ ಬ್ಯಾಂಕುಗಳು ತಾವಾಗಿ ಹಳ್ಳಿಗೆ ಹೋಗುತ್ತಿದ್ದುವೆಂದು ನಾನು ನಂಬಲಾರೆ. ರಾಷ್ಟ್ರೀಕರಣದ ಅನಂತರ ತೆರೆದ ಹಳ್ಳಿಯ ಶಾಖೆಯೊಂದರಲ್ಲಿಯೇ ನನ್ನ ಉದ್ಯೋಗ ಆರಂಭವಾಯಿತು.

ಪ್ರಧಾನಿಯಾದ ಮೇಲೂ ಅವರ ನಿಷ್ಠುರತೆ ಸಡಿಲಲಿಲ್ಲ. 1978ರ ಜನವರಿಯಲ್ಲಿ 1,000, 5,000 ಮತ್ತು 10,000 ರೂಪಾಯಿಗಳ ನೋಟುಗಳು ರದ್ದಾದುವು. ರಿಜರ್ವ್ ಬ್ಯಾಂಕಿನ ಗವರ್ನರರಾದ ಐ. ಜಿ. ಪಟೇಲರಿಗೆ ಅದು ಸಮ್ಮತವಿರಲಿಲ್ಲ. ಆ ಜೂನಿನಲ್ಲಿ ಚರಣಸಿಂಗರನ್ನು ಮಂತ್ರಿಮಂಡಲದಿಂದ ಹೊರಗೆ ಕಳುಹಿಸಿ, ಮರುವರ್ಷದ ಜನವರಿಯಲ್ಲಿ ಉಪಪ್ರಧಾನಿಯಾಗಿ ಮರಳಿ ಕರೆದುಕೊಳ್ಳಬೇಕಾಯಿತು. ಪಕ್ಷವನ್ನು ಒಗ್ಗೂಡಿಸುವ ಮೃದುತ್ವ ಅವರಲ್ಲಿರಲಿಲ್ಲ.

ಜಗಳಗಳೇ ಜನರ ನೆನಪಿನಲ್ಲಿ ಉಳಿದುವು. ಅವರ ಸರಕಾರ ತಂದ ಸಂವಿಧಾನದ 44ನೆಯ ತಿದ್ದುಪಡಿಯನ್ನು ನೆನೆಯುವವರು ವಿರಳ. ‘ಆಂತರಿಕ ಕ್ಷೋಭೆ’ಯ ನೆಪದಿಂದ ತುರ್ತುಪರಿಸ್ಥಿತಿಯನ್ನು ಸಾರುವ ದಾರಿ ಅದರಿಂದ ಮುಚ್ಚಿತು, ‘ಸಶಸ್ತ್ರ ಬಂಡಾಯ’ವೇ ಆಗಬೇಕು, ಮಂತ್ರಿಮಂಡಲದ ಲಿಖಿತ ಸಲಹೆಯೂ ಬೇಕು ಎಂದಾಯಿತು. 1975ರಲ್ಲಿ ಸೆರೆಗೆ ಹೋದವರಲ್ಲಿ ದೇಸಾಯಿಯವರೂ ಒಬ್ಬರು.

1979ರ ಅನಂತರ ಅವರು ಯಾವ ಅಧಿಕಾರಪದಕ್ಕೂ ಮರಳಲಿಲ್ಲ; 1995ರ ಏಪ್ರಿಲ್ 10ರಂದು ಮುಂಬಯಿಯಲ್ಲಿ ತೀರಿಕೊಂಡರು.